ಹಾಯಿದೋಣಿಯಲ್ಲಿ ಪ್ರಯಾಣಿಕರಿಲ್ಲ



ಪರ್ತ್, ಬ್ರಿಸ್ಬೇನ್, ಅಡಿಲೇಡ್. ಈ ಮೂರು ಹೆಸರುಗಳು ನಮ್ಮಲ್ಲಿ ಬಹಳ ಜನರ ಕಿವಿಗೆ ಮೊದಲು ಬಿದ್ದದ್ದು ರೇಡಿಯೊದಿಂದಲೇ, ನಸುಕಿನ ಹೊತ್ತಿನ ಕ್ರಿಕೆಟ್ ವೀಕ್ಷಕ ವಿವರಣೆಯಿಂದ. 2003ರ ಡಿಸೆಂಬರಿನಲ್ಲಿ ಅಡಿಲೇಡಿನಲ್ಲಿ ರಾಹುಲ್ ದ್ರಾವಿಡ್ ಮೊದಲ ಸರದಿಯಲ್ಲಿ 233, ಎರಡನೆಯದರಲ್ಲಿ ಔಟಾಗದೆ 72 ಹೊಡೆದು ಪಂದ್ಯವನ್ನು ಗೆಲ್ಲಿಸಿಕೊಟ್ಟರು. 2008ರ ಜನವರಿಯಲ್ಲಿ ಪರ್ತ್‌ನಲ್ಲಿ ಅನಿಲ್ ಕುಂಬ್ಳೆ ತಮ್ಮ 600ನೇ ಟೆಸ್ಟ್ ವಿಕೆಟ್ ಪಡೆದರು, ನಾಯಕರಾಗಿ ಆ ಟೆಸ್ಟನ್ನೂ ಗೆದ್ದರು. 2021ರ ಜನವರಿಯಲ್ಲಿ ಬ್ರಿಸ್ಬೇನಿನ ಗಾಬಾ ಮೈದಾನದಲ್ಲಿ, 1988ರಿಂದ ಆಸ್ಟ್ರೇಲಿಯಾ ಒಮ್ಮೆಯೂ ಸೋಲದಿದ್ದ ನೆಲದಲ್ಲಿ, ಭಾರತ ಗೆದ್ದ ದಿನ ನಿಮಗೂ ನೆನಪಿರಬಹುದು.

ಆ ಮೈದಾನಗಳಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಸಮುದ್ರ ಸಿಗುತ್ತದೆ. ಅಲ್ಲಿ ನಡೆಯುವ ಆಟದ ವಿಷಯ ನಮಗೆ ಅಷ್ಟಾಗಿ ಗೊತ್ತಿಲ್ಲ. ಆರೆಂಟು ಮಂದಿ ಗೆಳೆಯರು, ಕುಟುಂಬದವರು, ಒಂದೇ ಕಚೇರಿಯವರು ಕೂಡಿ ಒಂದು ಯಾಟ್ ಹಿಡಿದು, ರಜೆಯ ದಿನಗಳನ್ನು ಕಡಲಿನಲ್ಲೇ ಕಳೆಯುತ್ತ ದ್ವೀಪದಿಂದ ದ್ವೀಪಕ್ಕೆ ಹೋಗುವ ಆಟ ಅದು. ಈ ಮೂರೂ ಊರುಗಳಲ್ಲಿ ಇಂದು ಕನ್ನಡ ಸಂಘಗಳಿವೆ, ರಾಜ್ಯೋತ್ಸವ ನಡೆಯುತ್ತದೆ, ನಮ್ಮವರ ಮಕ್ಕಳು ಅಲ್ಲೇ ಶಾಲೆಗೆ ಹೋಗುತ್ತಾರೆ. ಪರ್ತ್‌ನಲ್ಲಿ ನೆಲೆಸಿರುವ ನಮ್ಮ ಕಡೆಯ ಕೆಲವು ಕುಟುಂಬಗಳ ಜೊತೆ ನಾನೂ ಇಂಥ ರಜೆಗೆ ಹೋಗಿದ್ದೇನೆ. ಅಲ್ಲಿ ಕಂಡದ್ದನ್ನು, ಕಲಿತದ್ದನ್ನು ನಿಮ್ಮ ಮುಂದಿಡಬೇಕೆಂಬ ಆಸೆ ನನಗೆ.

ಯಾಟ್ ಎಂದೊಡನೆ ಸಿನಿಮಾದಲ್ಲಿ ಕಾಣುವ ಕೋಟ್ಯಧೀಶರ ಬಿಳಿ ಹಡಗು ಕಣ್ಣಿಗೆ ಕಟ್ಟುತ್ತದೆ. ನಾನು ಹೇಳುವ ಯಾಟ್ ಮೂವತ್ತೈದು ನಲವತ್ತು ಅಡಿ ಉದ್ದದ್ದು. ಒಂದು ಕೂವೆಮರ, ಎರಡು ಹಾಯಿ, ಹಿಂದೆ ಚುಕ್ಕಾಣಿ. ಒಳಗೆ ಕಾಲು ಚಾಚಿದರೆ ಗೋಡೆ ತಾಗುವಂಥ ಮಲಗುವ ಗೂಡುಗಳು. ಕೈಪಂಪು ಹೊಡೆದು ತೊಳೆಯಬೇಕಾದ ಒಂದು ಶೌಚಾಲಯ. ದೋಣಿ ವಾಲಿದಂತೆ ತಾನೂ ತೂಗಿ ಪಾತ್ರೆಯನ್ನು ಮಟ್ಟವಾಗಿ ಹಿಡಿಯುವ ಪುಟ್ಟ ಒಲೆ. ಆರೆಂಟು ಜನ ಇದರಲ್ಲಿ ಮೂರು ನಾಲ್ಕು ದಿನ ಬಾಳಬೇಕು. ಕುಡಿಯುವ ನೀರಿನ ತೊಟ್ಟಿ ಸಣ್ಣದು, ಆದ್ದರಿಂದ ಪಾತ್ರೆಗಳನ್ನು ಮೊದಲು ಉಪ್ಪುನೀರಿನಲ್ಲಿ ತೊಳೆದು ಕೊನೆಗೊಂದು ಸಲ ಮಾತ್ರ ಸಿಹಿನೀರಿನಲ್ಲಿ ಜಾಲಿಸುತ್ತಾರೆ. ನಮ್ಮ ತಂಡದ ತಾಯಂದಿರು ಅವಲಕ್ಕಿ, ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡು ಬಂದಿದ್ದರು. ಅಲೆಯ ಮೇಲೆ ಒಲೆ ಹೊತ್ತಿಸುವ ಕಷ್ಟ ತಪ್ಪಿಸಲು ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ದೋಣಿ ಹತ್ತಿದ ಕೂಡಲೇ ನಾಯಕ ಎಲ್ಲರಿಗೂ ಒಂದೊಂದು ಕೆಲಸ ಹಂಚುತ್ತಾನೆ. ಒಬ್ಬರು ಚುಕ್ಕಾಣಿ. ಇಬ್ಬರು ಮುಂದಿನ ಹಾಯಿಯ ಹಗ್ಗ. ಒಬ್ಬರು ದೊಡ್ಡ ಹಾಯಿ. ಒಬ್ಬರು ಮೂತಿಯಲ್ಲಿ ನಿಂತು ಲಂಗರು ನೋಡಿಕೊಳ್ಳಬೇಕು. ಒಬ್ಬರ ಕೈಯಲ್ಲಿ ನಕ್ಷೆ. ಹತ್ತು ವರ್ಷದ ಮಗುವಿಗೂ ಮುಂದೆ ಬೇರೆ ದೋಣಿ ಬರುತ್ತಿದೆಯೇ ಎಂದು ನೋಡಿ ಕೂಗುವ ಕೆಲಸ. ಬಸ್ಸಿನಲ್ಲಿ, ವಿಮಾನದಲ್ಲಿ ನಾವು ಪ್ರಯಾಣಿಕರು. ದುಡ್ಡು ಕೊಟ್ಟು ಕೂತರೆ ಯಾರೋ ತಲುಪಿಸುತ್ತಾರೆ. ಹಾಯಿದೋಣಿಯಲ್ಲಿ ಆ ಜಾತಿಯೇ ಇಲ್ಲ. ಕೈಕಟ್ಟಿ ಕೂತವನ ಭಾರವನ್ನೂ ದೋಣಿ ಬಳಸಿಕೊಳ್ಳುತ್ತದೆ: ಗಾಳಿ ಹೆಚ್ಚಾಗಿ ದೋಣಿ ಒಂದು ಬದಿಗೆ ವಾಲಿದಾಗ ಎಲ್ಲರೂ ಎದ್ದು ಎತ್ತರದ ಅಂಚಿನಲ್ಲಿ ಸಾಲಾಗಿ ಕೂತು, ಕಾಲು ಹೊರಕ್ಕೆ ಇಳಿಬಿಟ್ಟು, ತಮ್ಮ ಮೈಭಾರದಿಂದಲೇ ಅದನ್ನು ನೆಟ್ಟಗೆ ಮಾಡಬೇಕು.

ಗಾಳಿ ಬರುವ ದಿಕ್ಕಿಗೆ ನೇರವಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತ ಅಂಕುಡೊಂಕಾಗಿ ಹೋಗಬೇಕು. ಹಾಗೆ ಹೋಗುವಾಗ ಹಾಯಿ ವಿಮಾನದ ರೆಕ್ಕೆಯಂತೆ ಕೆಲಸ ಮಾಡುತ್ತದೆ. ಅದರ ಎರಡು ಬದಿಗಳಲ್ಲಿ ಗಾಳಿಯ ಒತ್ತಡ ಬೇರೆ ಬೇರೆಯಾಗಿ ದೋಣಿಯನ್ನು ಪಕ್ಕಕ್ಕೂ ಮುಂದಕ್ಕೂ ಎಳೆಯುತ್ತದೆ. ಪಕ್ಕಕ್ಕೆ ಜಾರದಂತೆ ತಡೆಯುವುದು ನೀರಿನೊಳಗೆ ಮುಳುಗಿರುವ ಸೀಸದ ಭಾರದ ಕೀಲ್. ದಿಕ್ಕು ಬದಲಿಸುವ ಹೊತ್ತಿಗೆ ಚುಕ್ಕಾಣಿ ಹಿಡಿದವರು ‘ರೆಡಿ ಅಬೌಟ್’ ಎಂದು ಕೂಗುತ್ತಾರೆ. ಎಲ್ಲರೂ ತಲೆ ತಗ್ಗಿಸಬೇಕು, ಹಾಯಿಯ ಕೆಳಗಿನ ಅಡ್ಡಮರ ಬೀಸಿಕೊಂಡು ಆ ಬದಿಯಿಂದ ಈ ಬದಿಗೆ ಬರುತ್ತದೆ. ಒಬ್ಬರು ಹಗ್ಗ ಸಡಿಲಿಸಬೇಕು, ಇನ್ನೊಬ್ಬರು ಅದೇ ಕ್ಷಣಕ್ಕೆ ಇನ್ನೊಂದನ್ನು ಎಳೆಯಬೇಕು. ಒಂದು ಕ್ಷಣ ತಡವಾದರೂ ದೋಣಿ ಗಾಳಿಗೆ ಮುಖಮಾಡಿ ನಿಂತುಬಿಡುತ್ತದೆ, ಹಾಯಿ ಪಟಪಟ ಬಡಿದುಕೊಳ್ಳುತ್ತದೆ. ಮನೆಯಲ್ಲಿ ಪರಸ್ಪರ ಮಾತೇ ಆಡದ ಅಪ್ಪ ಮಗ ಈ ಎರಡು ಹಗ್ಗಗಳ ತುದಿಯಲ್ಲಿ ನಿಂತಾಗ ಮಾತಾಡಲೇಬೇಕಾಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದಕ್ಕೆಲ್ಲ ಸ್ವಂತ ದೋಣಿ ಬೇಕೆಂದೇನಿಲ್ಲ. ಅಲ್ಲಿಯ ಯಾಟ್ ಕ್ಲಬ್ಬುಗಳು ಹಳೆಯವು. ಪರ್ತ್‌ನ ರಾಯಲ್ ಪರ್ತ್ ಯಾಟ್ ಕ್ಲಬ್ 1865ರದ್ದು, ಅಡಿಲೇಡಿನ ರಾಯಲ್ ಸೌತ್ ಆಸ್ಟ್ರೇಲಿಯನ್ ಯಾಟ್ ಸ್ಕ್ವಾಡ್ರನ್ 1869ರದ್ದು, ಬ್ರಿಸ್ಬೇನಿನ ರಾಯಲ್ ಕ್ವೀನ್ಸ್‌ಲ್ಯಾಂಡ್ ಯಾಟ್ ಸ್ಕ್ವಾಡ್ರನ್ 1885ರದ್ದು. ಹೆಸರಿನಲ್ಲಿ ‘ರಾಯಲ್’ ಇದ್ದರೂ ವಾರದ ನಡುವಿನ ಸಂಜೆಯ ಓಟಗಳಿಗೆ ದೋಣಿಯ ಒಡೆಯರಿಗೆ ಕೈಗಳು ಬೇಕೇ ಬೇಕು. ಬ್ರಿಸ್ಬೇನಿನ ಮ್ಯಾನ್ಲಿ ಬಂದರಿನಲ್ಲಿ ಬುಧವಾರ ಮಧ್ಯಾಹ್ನದ ಓಟಕ್ಕೆ ಹೊಸಬರು ಸುಮ್ಮನೆ ಹೋಗಿ ನಿಂತು ಯಾವುದೋ ದೋಣಿಯಲ್ಲಿ ಜಾಗ ಪಡೆಯುವ ಪದ್ಧತಿ ಇದೆ. ಸೈಲಬಿಲಿಟಿ ಎಂಬ ಸ್ವಯಂಸೇವಕರ ಬಳಗ ಅಂಗವಿಕಲರನ್ನು ವಿಶೇಷ ದೋಣಿಗಳಲ್ಲಿ ಕೂರಿಸಿ, ಕಾಲು ಆಡದವರ ಕೈಗೆ ಚುಕ್ಕಾಣಿ ಕೊಡುತ್ತದೆ. ಗಾಲಿಕುರ್ಚಿಯಲ್ಲಿ ಬಂದ ಹುಡುಗಿ ತಾನೇ ದೋಣಿ ನಡೆಸುವುದನ್ನು ಕಂಡ ಮೇಲೆ ಈ ಆಟ ಸಿರಿವಂತರದ್ದು ಎಂದು ಹೇಳುವುದಕ್ಕೆ ನನಗೆ ಬಾಯಿ ಬಾರದು.

ಈಗ ಪರ್ತ್. ಊರಿನ ನಡುವೆ ಸ್ವಾನ್ ನದಿ ಸರೋವರದಂತೆ ಹರಡಿಕೊಂಡಿದೆ. ಅದು ಕಡಲು ಸೇರುವ ಬಾಯಲ್ಲಿ ಫ್ರೀಮ್ಯಾಂಟಲ್ ಬಂದರು. ಬೇಸಗೆಯ ಮಧ್ಯಾಹ್ನ ನೈಋತ್ಯದಿಂದ ಬೀಸುವ ತಂಪು ಗಾಳಿಗೆ ಆ ಊರಿನವರು ‘ಫ್ರೀಮ್ಯಾಂಟಲ್ ಡಾಕ್ಟರ್’ ಎಂದು ಹೆಸರಿಟ್ಟಿದ್ದಾರೆ. ನಲವತ್ತು ಡಿಗ್ರಿ ಸೆಕೆಯಲ್ಲಿ ಬೆಂದ ಊರಿಗೆ ವೈದ್ಯ ಬಂದಂತೆ ಬರುತ್ತದೆ ಅದು. ಬೆಳಿಗ್ಗೆ ನೆಲದ ಕಡೆಯಿಂದ ಮೂಡಣ ಗಾಳಿ, ಮಧ್ಯಾಹ್ನ ಕಡಲ ಕಡೆಯಿಂದ ಪಡುಗಾಳಿ. ಕರಾವಳಿಯ ಕೇಳುಗರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಎಂಜಿನ್ ಬರುವುದಕ್ಕೆ ಮೊದಲು ಮಲ್ಪೆ, ಗಂಗೊಳ್ಳಿ, ಹೊನ್ನಾವರಗಳ ಮೀನುಗಾರರು ನಸುಕಿನ ನೆಲಗಾಳಿ ಹಿಡಿದು ಕಡಲಿಗಿಳಿದು, ಇಳಿಹೊತ್ತಿನ ಕಡಲಗಾಳಿ ಹಿಡಿದು ದಡಕ್ಕೆ ಮರಳುತ್ತಿದ್ದರು. ಫ್ರೀಮ್ಯಾಂಟಲ್‌ನಿಂದ ರಾಟ್‌ನೆಸ್ಟ್ ದ್ವೀಪಕ್ಕೆ ಹೋಗಿ ಬರುವ ಯಾಟಿನವರ ಲೆಕ್ಕಾಚಾರವೂ ಅದೇ. ಹಿಂದೂ ಮಹಾಸಾಗರದ ಎರಡು ದಡಗಳಲ್ಲಿ ಜನ ಒಂದೇ ಪಾಠ ಕಲಿತಿದ್ದಾರೆ.

ಈ ಗಾಳಿಯಿಂದಲೇ ಫ್ರೀಮ್ಯಾಂಟಲ್ ಒಮ್ಮೆ ಜಗತ್ತಿನ ಕಣ್ಣು ಸೆಳೆದಿತ್ತು. ಅಮೆರಿಕಾಸ್ ಕಪ್ ಎಂಬ ಹಾಯಿದೋಣಿ ಓಟದ ಬಟ್ಟಲು 1851ರಿಂದ 132 ವರ್ಷ ನ್ಯೂಯಾರ್ಕಿನ ಕ್ಲಬ್ಬಿನಲ್ಲೇ ಕೂತಿತ್ತು. 1983ರ ಸೆಪ್ಟೆಂಬರಿನಲ್ಲಿ ರಾಯಲ್ ಪರ್ತ್ ಯಾಟ್ ಕ್ಲಬ್ಬಿನ ಪರವಾಗಿ ಓಡಿದ ‘ಆಸ್ಟ್ರೇಲಿಯಾ 2’ ಅದನ್ನು ಕಿತ್ತುಕೊಂಡಿತು. ನಾಯಕ ಜಾನ್ ಬರ್ಟ್ರಾಂಡ್. ಏಳು ಓಟಗಳಲ್ಲಿ ಒಂದು ಹಂತದಲ್ಲಿ 3–1ರಿಂದ ಹಿಂದೆ ಬಿದ್ದಿದ್ದ ದೋಣಿ ಕೊನೆಗೆ 4–3ರಿಂದ ಗೆದ್ದಿತು. ಬೆನ್ ಲೆಕ್ಸೆನ್ ವಿನ್ಯಾಸ ಮಾಡಿದ ಆ ದೋಣಿಯ ಕೀಲ್‌ನ ತುದಿಗೆ ಎರಡು ರೆಕ್ಕೆಗಳಿದ್ದವು, ಆ ಗುಟ್ಟು ಯಾರ ಕಣ್ಣಿಗೂ ಬೀಳದಂತೆ ದಡದಲ್ಲಿದ್ದಾಗ ಅದಕ್ಕೆ ಪರದೆ ಕಟ್ಟಿರುತ್ತಿದ್ದರು. ನಾಲ್ಕು ವರ್ಷದ ಮೇಲೆ, 1987ರಲ್ಲಿ, ಫ್ರೀಮ್ಯಾಂಟಲ್ ಕಡಲಿನಲ್ಲೇ ನಡೆದ ಓಟದಲ್ಲಿ ಅಮೆರಿಕದ ಡೆನಿಸ್ ಕಾನರ್ ಬಟ್ಟಲನ್ನು ಮರಳಿ ಪಡೆದರು. ‘ಆಸ್ಟ್ರೇಲಿಯಾ 2’ ಇಂದು ಫ್ರೀಮ್ಯಾಂಟಲ್‌ನ ಕಡಲ ಸಂಗ್ರಹಾಲಯದಲ್ಲಿ ಹಾಯಿ ಏರಿಸಿಕೊಂಡು ನಿಂತಿದೆ. ಅದೇ ಸೂರಿನಡಿ ಪರ್ತ್‌ನ ಜಾನ್ ಸ್ಯಾಂಡರ್ಸ್ 1986ರಿಂದ 1988ರವರೆಗೆ ಎಲ್ಲೂ ದಡ ಮುಟ್ಟದೆ ಒಬ್ಬರೇ ಭೂಮಿಯನ್ನು ಮೂರು ಸುತ್ತು ಹಾಕಿದ ‘ಪ್ಯಾರಿ ಎಂಡೆವರ್’ ಎಂಬ ದೋಣಿಯೂ ಇದೆ.

ನಮ್ಮ ದೇಶದ ದೋಣಿಗಳಿಗೂ ಫ್ರೀಮ್ಯಾಂಟಲ್ ಗುರುತಿನ ಬಂದರು. 2017ರಲ್ಲಿ ಭಾರತೀಯ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಗೋವಾದಿಂದ ಭೂಪ್ರದಕ್ಷಿಣೆ ಹೊರಟಾಗ ಮೊದಲು ತಂಗಿದ್ದು ಅಲ್ಲಿ. 2024ರ ಅಕ್ಟೋಬರ್ 2ರಂದು ಅದೇ ತಾರಿಣಿಯಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಗೋವಾ ಬಿಟ್ಟು ನವೆಂಬರ್ 9ಕ್ಕೆ ಫ್ರೀಮ್ಯಾಂಟಲ್ ಮುಟ್ಟಿದರು. ಕಾರವಾರದ ಪಕ್ಕದ ರಾಜ್ಯದಿಂದ ಹೊರಟ ದೋಣಿ, ಎಂಜಿನ್ನಿನ ನೆರವಿಲ್ಲದೆ, ಗಾಳಿಯೊಂದನ್ನೇ ನಂಬಿ ಹೋದದ್ದು. ಇಬ್ಬರೂ 2025ರ ಮೇ ತಿಂಗಳಲ್ಲಿ ಪೂರ್ತಿ ಸುತ್ತು ಮುಗಿಸಿ ಗೋವಾಕ್ಕೆ ಮರಳಿದರು.

ಫ್ರೀಮ್ಯಾಂಟಲ್‌ನಿಂದ ಹದಿನೆಂಟು ಕಿಲೋಮೀಟರಿನಷ್ಟು ಪಡುವಣಕ್ಕೆ ರಾಟ್‌ನೆಸ್ಟ್. ಅಲ್ಲಿಯ ಮೂಲನಿವಾಸಿಗಳಾದ ನೂಂಗಾರ್ ಜನ ಅದನ್ನು ವಾಜೆಮಪ್ ಎನ್ನುತ್ತಾರೆ. 1696ರಲ್ಲಿ ಬಂದ ಡಚ್ ನಾವಿಕ ವಿಲ್ಲೆಮ್ ಡಿ ವ್ಲಾಮಿಂಗ್ ಅಲ್ಲಿಯ ಕ್ವಾಕ್ಕಾಗಳನ್ನು ಕಂಡು ದೊಡ್ಡ ಇಲಿಗಳೆಂದು ಬರೆದಿಟ್ಟ. ಅವು ಕಾಂಗರೂವಿನ ಬಂಧುಗಳು, ಬೆಕ್ಕಿನ ಗಾತ್ರದವು, ಮನುಷ್ಯನಿಗೆ ಹೆದರುವುದಿಲ್ಲ. ದ್ವೀಪದಲ್ಲಿ ಖಾಸಗಿ ಕಾರುಗಳಿಲ್ಲ. ಹನ್ನೊಂದು ಕಿಲೋಮೀಟರ್ ಉದ್ದವನ್ನು ಸೈಕಲ್ ತುಳಿದು ನೋಡಬಹುದು. ಕ್ರೀಡೆಯ ರಜೆಗೆ ಬಂದವರಿಗೆ ಅದು ಸ್ವರ್ಗವೇ: ಬೆಳಿಗ್ಗೆ ಹಾಯಿ, ಮಧ್ಯಾಹ್ನ ಸೈಕಲ್, ಸಂಜೆ ನೀರಿನೊಳಗೆ ಮುಖ ಮುಳುಗಿಸಿ ಈಜುತ್ತ ಹವಳ ನೋಡುವುದು. ಉತ್ತರದಿಂದ ಬೆಚ್ಚಗಿನ ನೀರು ತರುವ ಲೀವಿನ್ ಪ್ರವಾಹದಿಂದಾಗಿ ಅಷ್ಟು ದಕ್ಷಿಣದಲ್ಲೂ ಹವಳ ಬೆಳೆಯುತ್ತದೆ. 1991ರಿಂದ ಪ್ರತಿ ವರ್ಷ ಕಾಟೆಸ್ಲೋ ಕಡಲತೀರದಿಂದ ಈ ದ್ವೀಪಕ್ಕೆ 19.7 ಕಿಲೋಮೀಟರ್ ಈಜುವ ಸ್ಪರ್ಧೆಯೂ ಇದೆ.

ಇಷ್ಟೇ ಹೇಳಿ ನಿಲ್ಲಿಸಿದರೆ ಪ್ರವಾಸೋದ್ಯಮದ ಜಾಹೀರಾತಾದೀತು. 1838ರಲ್ಲಿ ಬ್ರಿಟಿಷರು ಈ ದ್ವೀಪವನ್ನು ಮೂಲನಿವಾಸಿಗಳ ಸೆರೆಮನೆ ಮಾಡಿದರು. ಪಶ್ಚಿಮ ಆಸ್ಟ್ರೇಲಿಯಾದ ಮೂಲೆಮೂಲೆಗಳಿಂದ, ಕೆಲವರನ್ನು ಕುತ್ತಿಗೆಗೆ ಸರಪಳಿ ಹಾಕಿ ನೂರಾರು ಮೈಲಿ ನಡೆಸಿಕೊಂಡು, ಸುಮಾರು 4,000 ಗಂಡಸರು ಮತ್ತು ಹುಡುಗರನ್ನು ಇಲ್ಲಿಗೆ ತಂದರು. ತಮ್ಮದೇ ನೆಲದಲ್ಲಿ ಹೊಸಬರು ತಂದ ದನ ಕೊಂದು ತಿಂದದ್ದೂ ಅವರ ಅಪರಾಧಗಳಲ್ಲೊಂದು. ಸೆರೆಮನೆ 1904ರಲ್ಲಿ ಅಧಿಕೃತವಾಗಿ ಮುಚ್ಚಿತು, ಕೈದಿಗಳಿಂದ ದುಡಿಸಿಕೊಳ್ಳುವುದು 1931ರವರೆಗೂ ನಡೆಯಿತು. ಕನಿಷ್ಠ 373 ಜನ ಅಲ್ಲೇ ಸತ್ತು, ಗುರುತಿನ ಕಲ್ಲೂ ಇಲ್ಲದ ಗುಂಡಿಗಳಲ್ಲಿ ಮಣ್ಣಾದರು. ಅವರ ಸಮಾಧಿಯ ಮೇಲೆ ಮುಂದೆ ಎಷ್ಟೋ ವರ್ಷ ರಜೆಗೆ ಬಂದವರು ಡೇರೆ ಹಾಕಿ ಮಲಗಿದರು. ‘ಕ್ವಾಡ್’ ಎಂದು ಕರೆಯುವ ಆ ಎಂಟು ಮೂಲೆಯ ಸೆರೆಮನೆಯ ಕೋಣೆಗಳನ್ನೇ ಒಡೆದು ಜೋಡಿಸಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದರು. ಅದು ನಿಂತದ್ದು 2018ರಲ್ಲಿ. ಸಮಾಧಿಯ ನೆಲಕ್ಕೆ ಈಗ ಗೌರವ ಬಂದಿದೆ. ನೂಂಗಾರ್ ಹಿರಿಯರ ಜೊತೆ ಕೂತು ಆ ಕಟ್ಟಡವನ್ನು ಏನು ಮಾಡಬೇಕೆಂಬ ಮಾತು ನಡೆದಿದೆ.

ನಮ್ಮ ತಂಡದಲ್ಲಿದ್ದ ಮಕ್ಕಳು ಆ ನೆಲದ ಮುಂದೆ ನಿಂತು ಓದಿದರು. ಅವರು ಅಲ್ಲೇ ಹುಟ್ಟಿ ಬೆಳೆದವರು, ಪ್ರಶ್ನೆ ಕೇಳುವುದಕ್ಕೆ ಅಳುಕುವವರಲ್ಲ. ‘ಇದನ್ನು ಯಾಕೆ ಹಡಗುಕಟ್ಟೆಯ ಹತ್ತಿರವೇ ದೊಡ್ಡದಾಗಿ ಬರೆದಿಲ್ಲ?’ ಎಂದು ಒಬ್ಬಳು ಕೇಳಿದಳು. ಕ್ವಾಕ್ಕಾದ ಜೊತೆ ತೆಗೆಸಿಕೊಂಡ ಚಿತ್ರದಷ್ಟೇ ಈ ಪ್ರಶ್ನೆಯೂ ಆ ರಜೆಯಿಂದ ಮನೆಗೆ ಹೋಯಿತು. ದೋಣಿಯಲ್ಲಿ ಯಾರೂ ಪ್ರಯಾಣಿಕರಲ್ಲ ಎಂದಮೇಲೆ ದ್ವೀಪಕ್ಕೆ ಇಳಿದ ಮೇಲೂ ಬರಿಯ ನೋಡುಗರಾಗಿ ಇರುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಲಂಗರು ಹಾಕುವ ಮುನ್ನ ಆ ನೆಲ ಯಾರದೆಂದು, ಅಲ್ಲಿ ಏನಾಯಿತೆಂದು ತಿಳಿದಿರಬೇಕು.

ಬ್ರಿಸ್ಬೇನಿನ ಮುಂದಿರುವ ಮೋರ್ಟನ್ ಕೊಲ್ಲಿಗೆ ಹೋದರಂತೂ ಈ ಮಾತು ಇನ್ನೂ ನಿಜ. ಮೂಲನಿವಾಸಿಗಳ ಬಾಯಲ್ಲಿ ಅದು ಕ್ವಾಂಡಮೂಕಾ. ಹೊರಗೆ ಶಾಂತಸಾಗರದ ದೊಡ್ಡ ಅಲೆ, ಅದನ್ನು ತಡೆದು ನಿಂತ ಮರಳಿನ ಎರಡು ಉದ್ದ ದ್ವೀಪಗಳು, ಮೋರ್ಟನ್ ಮತ್ತು ನಾರ್ತ್ ಸ್ಟ್ರಾಡ್‌ಬ್ರೋಕ್. ಒಳಗೆ ಆಳವಿಲ್ಲದ, ಹಸಿರು ನೀರಿನ ಕೊಲ್ಲಿ. ಪರ್ತ್‌ನಲ್ಲಿ ಗಾಳಿ ನೋಡಿ ಹೊರಡುತ್ತಾರೆ, ಇಲ್ಲಿ ಗಾಳಿಯ ಜೊತೆಗೆ ಉಬ್ಬರ ಇಳಿತದ ಪಟ್ಟಿಯನ್ನೂ ನೋಡಬೇಕು. ನೀರು ಇಳಿಯುವ ಹೊತ್ತಿಗೆ ಮರಳ ದಿಬ್ಬದ ಮೇಲೆ ಕೀಲ್ ಕಚ್ಚಿಕೊಂಡರೆ ಮತ್ತೆ ಉಬ್ಬರ ಬರುವವರೆಗೆ ಗಂಟೆಗಟ್ಟಲೆ ವಾಲಿಕೊಂಡು ಕೂರಬೇಕಾಗುತ್ತದೆ. ಕೊಲ್ಲಿಯ ಕಡಲ ಹುಲ್ಲುಗಾವಲುಗಳಲ್ಲಿ ಕಡಲಹಸುಗಳು ಮೇಯುತ್ತವೆ. ಒಂದು ದೊಡ್ಡ ನಗರದ ಮಗ್ಗುಲಲ್ಲೇ ಇಷ್ಟು ಕಡಲಹಸುಗಳಿರುವ ಜಾಗ ಬೇರೆಲ್ಲೂ ಇಲ್ಲವೇನೋ. ಅವು ಮೇಯುವ ಕಡೆ ಎಂಜಿನ್ ದೋಣಿಗಳು ನಿಧಾನವಾಗಿ ಹೋಗಬೇಕೆಂಬ ಕಾನೂನಿದೆ. ಹಾಯಿದೋಣಿಯಲ್ಲಿ ಸದ್ದಿಲ್ಲದ ಕಾರಣ ಅವು ಹತ್ತಿರದಲ್ಲೇ ಮೂಗು ಮೇಲೆತ್ತಿ ಉಸಿರುಬಿಡುವುದು ಕೇಳಿಸುತ್ತದೆ.

ಮ್ಯಾನ್ಲಿಯಿಂದ ಹೊರಟರೆ ಸಮೀಪದಲ್ಲೇ ಸೇಂಟ್ ಹೆಲೆನಾ ದ್ವೀಪ. 1828ರ ಹೊತ್ತಿಗೆ ನೆಪೋಲಿಯನ್ ಎಂದು ಬ್ರಿಟಿಷರು ಅಡ್ಡಹೆಸರಿಟ್ಟಿದ್ದ ಮೂಲನಿವಾಸಿಯೊಬ್ಬನನ್ನು ಅಲ್ಲಿಗೆ ಗಡೀಪಾರು ಮಾಡಿದ್ದರಿಂದ ಆ ಹೆಸರು. 1867ರಿಂದ 1932ರವರೆಗೆ ಅದು ಕ್ವೀನ್ಸ್‌ಲ್ಯಾಂಡಿನ ಕಠಿಣ ಸೆರೆಮನೆ. ಕೈದಿಗಳು ಅಲ್ಲಿ ಕಬ್ಬು ಬೆಳೆದು ಸಕ್ಕರೆ ಮಾಡುತ್ತಿದ್ದರು.

ಇನ್ನೂ ಮುಂದೆ ಪೀಲ್ ದ್ವೀಪ, ಕ್ವಾಂಡಮೂಕಾ ಜನರ ಟೀರ್ಕ್ ರೂ ರಾ. ಅದರ ದಕ್ಷಿಣಕ್ಕೆ ಕುದುರೆಲಾಳದ ಆಕಾರದ ಒಂದು ಕೊಲ್ಲಿಯಿದೆ. ಉತ್ತರದ ಗಾಳಿಯಿಂದ ಮರೆಯಾದ್ದರಿಂದ ವಾರಾಂತ್ಯಕ್ಕೆ ಯಾಟುಗಳು ಅಲ್ಲಿ ಗುಂಪುಗೂಡುತ್ತವೆ. ಮಕ್ಕಳು ನೀರಿಗೆ ಹಾರುತ್ತಾರೆ, ದೋಣಿಯಿಂದ ದೋಣಿಗೆ ಊಟ ಹಂಚಿಕೆಯಾಗುತ್ತದೆ. ಅದೇ ದ್ವೀಪದ ಇನ್ನೊಂದು ಮಗ್ಗುಲಲ್ಲಿ 1907ರಿಂದ 1959ರವರೆಗೆ ಕುಷ್ಠರೋಗಿಗಳನ್ನು ಕೂಡಿಹಾಕುತ್ತಿದ್ದರು. ರೋಗ ಪತ್ತೆಯಾದೊಡನೆ ಮನೆ ಬಿಡಿಸಿ, ಹೆಂಡತಿ ಮಕ್ಕಳಿಂದ ಬೇರ್ಪಡಿಸಿ, ದೋಣಿ ಹತ್ತಿಸಿ ಕಳಿಸುತ್ತಿದ್ದರು. ಬಿಳಿಯರಿಗೆ ಮರದ ಚಿಕ್ಕ ಮನೆಗಳು. ಮೂಲನಿವಾಸಿಗಳಿಗೂ ಕಬ್ಬಿನ ತೋಟಗಳಿಗೆ ತಂದಿದ್ದ ಪೆಸಿಫಿಕ್ ದ್ವೀಪವಾಸಿಗಳಿಗೂ ತಗಡಿನ ಗೂಡುಗಳು. ಆ ಗುಡಿಸಲುಗಳಲ್ಲಿ ಕೆಲವು ಇನ್ನೂ ನಿಂತಿವೆ. ರೋಗಿಗಳಿಗೆ ದಡದಲ್ಲಿ ಬ್ರಿಸ್ಬೇನಿನ ದೀಪಗಳು ಕಾಣುತ್ತಿದ್ದಿರಬೇಕು, ಅಷ್ಟು ಹತ್ತಿರ ಆ ದ್ವೀಪ. ಊರಿಗೆ ಬೇಡವಾದವರನ್ನು ನೀರಿನಾಚೆ ಎಸೆಯುವುದಕ್ಕೆ ದ್ವೀಪಗಳು ಎಷ್ಟು ಅನುಕೂಲವಾಗಿದ್ದವೆಂದು ಈ ಕೊಲ್ಲಿಯಲ್ಲಿ ಸುತ್ತಿದಾಗ ಮನದಟ್ಟಾಗುತ್ತದೆ.

ಮೋರ್ಟನ್ ದ್ವೀಪದ ಟ್ಯಾಂಗಲೂಮಾದಲ್ಲಿ ಯಾತನೆಪಟ್ಟದ್ದು ತಿಮಿಂಗಿಲಗಳು. 1952ರಿಂದ ಹತ್ತೇ ವರ್ಷದಲ್ಲಿ ಅಲ್ಲಿಯ ಕಾರ್ಖಾನೆ ಆರು ಸಾವಿರಕ್ಕೂ ಮಿಕ್ಕಿ ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದು ಎಣ್ಣೆ ತೆಗೆಯಿತು. 1962ರಲ್ಲಿ ಕಾರ್ಖಾನೆ ಮುಚ್ಚಿದ್ದು ಕರುಣೆಯಿಂದಲ್ಲ, ಕೊಲ್ಲಲು ತಿಮಿಂಗಿಲಗಳೇ ಉಳಿಯಲಿಲ್ಲ. ಪೂರ್ವ ಕರಾವಳಿಯಲ್ಲಿ ಕೆಲವೇ ನೂರು ಬದುಕಿದ್ದವು. ಬೇಟೆ ನಿಂತ ಮೇಲೆ ಅವು ನಿಧಾನವಾಗಿ ಹೆಚ್ಚಿ ಈಗ ಹತ್ತಾರು ಸಾವಿರವಾಗಿವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅವು ದಕ್ಷಿಣದ ಹಿಮದ ಕಡಲಿನಿಂದ ಮರಿಹಾಕಲು ಬೆಚ್ಚಗಿನ ನೀರಿಗೆ ಬರುತ್ತವೆ, ಮರಿಗಳೊಡನೆ ಹಿಂದಿರುಗುತ್ತವೆ. ಯಾಟಿನವರು ನೂರು ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ. ಆದರೆ ಹಾಯಿ ಇಳಿಸಿ ಸುಮ್ಮನಿದ್ದರೆ ತಿಮಿಂಗಿಲವೇ ಹತ್ತಿರ ಬಂದು ನೋಡುವುದುಂಟು. ಕಾರ್ಖಾನೆಯಿದ್ದ ಜಾಗದಲ್ಲಿ ಈಗ ವಿಹಾರಧಾಮವಿದೆ. ಅದರ ಬಡಗಣಕ್ಕೆ, ಸಣ್ಣ ದೋಣಿಗಳಿಗೆ ಅಲೆಯಿಂದ ಆಸರೆಯಾಗಲೆಂದು 1963ರಿಂದ ಬೇಕೆಂದೇ ಮುಳುಗಿಸಿದ 15 ಹಳೆಯ ಹಡಗುಗಳ ಸಾಲು. ತುಕ್ಕು ಹಿಡಿದ ಅವುಗಳ ಹೊಟ್ಟೆಯೊಳಗೆ ಹವಳ ಬೆಳೆದು ಬಣ್ಣಬಣ್ಣದ ಮೀನುಗಳು ಮನೆಮಾಡಿವೆ. ಈಜು ಬರುವವರಿಗೆ ಈ ಕೊಲ್ಲಿಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ.

ನಾರ್ತ್ ಸ್ಟ್ರಾಡ್‌ಬ್ರೋಕ್, ಅಂದರೆ ಮಿಂಜೆರಿಬಾ, ಕವಯಿತ್ರಿ ಊಜರೂ ನೂನಕಲ್ ಹುಟ್ಟಿದ ದ್ವೀಪ. 1964ರಲ್ಲಿ ಕವನ ಸಂಕಲನ ಪ್ರಕಟಿಸಿದ ಮೊದಲ ಮೂಲನಿವಾಸಿ ಕವಿ ಆಕೆ. ಮುಂದೆ ದ್ವೀಪಕ್ಕೆ ಮರಳಿ ಸಾವಿರಾರು ಮಕ್ಕಳಿಗೆ ತಮ್ಮ ಜನರ ಕಡಲ ಬದುಕನ್ನು ಕಲಿಸಿದರು. 2011ರಲ್ಲಿ ನ್ಯಾಯಾಲಯ ಈ ದ್ವೀಪದ ಮೇಲೆ ಕ್ವಾಂಡಮೂಕಾ ಜನರ ಮೂಲ ಹಕ್ಕನ್ನು ಒಪ್ಪಿತು. ಇಂದು ಅಲ್ಲಿಗೆ ಹೋಗುವ ದೋಣಿಯವರು ಅವರ ಅತಿಥಿಗಳು.

ಅಡಿಲೇಡಿನ ಕಡಲು ಬೇರೆ ಬಗೆಯದು. ಊರಿನ ಕಡಲತೀರವಾದ ಗ್ಲೆನೆಲ್ಗ್ ಮುಂದಿನ ಸೇಂಟ್ ವಿನ್ಸೆಂಟ್ ಕೊಲ್ಲಿ ಶಾಂತ. ಆದರೆ ಕಾಂಗರೂ ದ್ವೀಪಕ್ಕೆ ಹೋಗಬೇಕಾದರೆ ಬ್ಯಾಕ್‌ಸ್ಟೇರ್ಸ್ ಜಲಸಂಧಿ ದಾಟಬೇಕು. ಅಗಲ ಹದಿಮೂರು ಹದಿನಾಲ್ಕು ಕಿಲೋಮೀಟರ್ ಅಷ್ಟೇ. ಉಬ್ಬರದ ನೀರು ಒಂದು ಕಡೆಗೆ ಹರಿಯುವಾಗ ಗಾಳಿ ಎದುರಿನಿಂದ ಬೀಸಿದರೆ ಅಲೆಗಳು ಗೋಡೆಯಂತೆ ನೆಟ್ಟಗೆ ಏಳುತ್ತವೆ. ಅನುಭವಿ ನಾಯಕನಿಲ್ಲದ ತಂಡ ಇದಕ್ಕೆ ಕೈಹಾಕಬಾರದು, ಇದು ನನ್ನ ಕಳಕಳಿಯ ಮಾತು. ದ್ವೀಪ ಸುಮಾರು 4,400 ಚದರ ಕಿಲೋಮೀಟರ್, ದೋಣಿಯಲ್ಲಿ ಸುತ್ತುವುದಕ್ಕಿಂತ ಒಂದೆರಡು ಕೊಲ್ಲಿಗಳಲ್ಲಿ ತಂಗುವುದೇ ಜಾಣತನ. 1802ರಲ್ಲಿ ಬ್ರಿಟಿಷ್ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್ ಬಂದಾಗ ಅಲ್ಲಿ ಮನುಷ್ಯರೇ ಇರಲಿಲ್ಲ, ಕಾಂಗರೂಗಳು ಹೆದರದೆ ನಿಂತಿದ್ದವು, ಹಸಿದ ನಾವಿಕರು ಅವನ್ನು ಬೇಟೆಯಾಡಿ ಉಂಡರು. ಅವನ ಹಿಂದೆಯೇ ಬಂದ ಸೀಲ್ ಬೇಟೆಗಾರರು ಟ್ಯಾಸ್ಮೇನಿಯಾದಿಂದಲೂ ಮುಖ್ಯಭೂಮಿಯಿಂದಲೂ ಮೂಲನಿವಾಸಿ ಹೆಂಗಸರನ್ನು ಎಳೆದು ತಂದು ದುಡಿಸಿಕೊಂಡರು. 2019–20ರ ಬೇಸಗೆಯ ಕಾಳ್ಗಿಚ್ಚಿನಲ್ಲಿ ದ್ವೀಪದ ಹೆಚ್ಚುಕಡಿಮೆ ಅರ್ಧ ಸುಟ್ಟುಹೋಯಿತು. ಆ ದ್ವೀಪದ ಇಟಲಿ ಮೂಲದ ಜೇನುತಳಿಯನ್ನು 1885ರಿಂದಲೇ ಕಾನೂನು ಕಾಪಾಡುತ್ತಿದೆ. ಹೊರಗಿನ ಜೇನುತುಪ್ಪ ಒಯ್ಯುವಂತಿಲ್ಲ. ನಮ್ಮವರು ಬುತ್ತಿಯಲ್ಲಿ ಕೊಡಗಿನ ಜೇನು ಇಟ್ಟುಕೊಂಡಿದ್ದರೆ ಅಡಿಲೇಡಿನಲ್ಲೇ ಬಿಟ್ಟುಹೋಗಬೇಕು. ಓಟದ ಹುರುಪಿರುವವರಿಗೆ 1950ರಿಂದ ನಡೆದುಬಂದಿರುವ ಅಡಿಲೇಡ್–ಪೋರ್ಟ್ ಲಿಂಕನ್ ಓಟವಿದೆ. ರಾತ್ರಿಯಿಡೀ ಸರದಿಯಲ್ಲಿ ಎಚ್ಚರವಿದ್ದು ಹಾಯಿ ನಡೆಸುವ ಓಟ ಅದು. ಬ್ರಿಸ್ಬೇನಿನಿಂದ ಗ್ಲಾಡ್‌ಸ್ಟನ್‌ಗೆ 308 ನಾಟಿಕಲ್ ಮೈಲಿಯ ಈಸ್ಟರ್ ಓಟ 1949ರದ್ದು.

ಇಂಥ ಓಟಗಳಲ್ಲಿ, ಇಂಥ ಪ್ರವಾಸಗಳಲ್ಲಿ ಜೀವ ಕಾಯುವ ದೊಡ್ಡ ಉಪಕರಣ ರೇಡಿಯೊ. ಬಾನುಲಿಯಲ್ಲಿ ಮಾತಾಡುತ್ತ ಇದನ್ನು ಹೇಳದಿರಲಾರೆ. ಪ್ರತಿ ದೋಣಿಯಲ್ಲೂ ವಿ.ಎಚ್.ಎಫ್. ರೇಡಿಯೊ, ಅದರ 16ನೇ ಚಾನೆಲ್ ಸದಾ ತೆರೆದಿರಬೇಕು. ದಡದಲ್ಲಿ ಅದನ್ನು ಆಲಿಸುತ್ತ ಕೂರುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ನಿವೃತ್ತ ಶಿಕ್ಷಕರು, ಅಂಗಡಿಯವರು, ಗೃಹಿಣಿಯರು. ಹೊರಡುವಾಗ ಅವರಿಗೆ ದೋಣಿಯ ಹೆಸರು, ಎಷ್ಟು ಜನ, ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ತಿಳಿಸುತ್ತೇವೆ. ಹೇಳಿದ ಹೊತ್ತಿಗೆ ತಲುಪಿದ ಸುದ್ದಿ ಬರದಿದ್ದರೆ ಅವರೇ ಕರೆಯುತ್ತಾರೆ. 1998ರ ಸಿಡ್ನಿ–ಹೋಬಾರ್ಟ್ ಓಟದಲ್ಲಿ ಬಿರುಗಾಳಿ ಬಡಿದು ಆರು ಜನ ಸತ್ತರು. ಹೊರಟ 115 ದೋಣಿಗಳಲ್ಲಿ ಗುರಿ ಮುಟ್ಟಿದ್ದು 44. 55 ಜನರನ್ನು ಕಡಲಿನಿಂದ ಎತ್ತಿ ಬದುಕಿಸಿದರು. ಇಂದಿನ ಕಟ್ಟುನಿಟ್ಟಿನ ಸುರಕ್ಷಾ ನಿಯಮಗಳಲ್ಲಿ ಹಲವು ಆ ದುರಂತದ ತರುವಾಯ ಬಂದವು.

ನಮ್ಮ ದೇಶದ ನಾವಿಕ ಅಭಿಲಾಷ್ ಟಾಮಿ 2018ರ ಸೆಪ್ಟೆಂಬರಿನಲ್ಲಿ ಒಬ್ಬರೇ ಭೂಪ್ರದಕ್ಷಿಣೆಯ ಓಟದಲ್ಲಿದ್ದಾಗ, ಪರ್ತ್‌ನಿಂದ ಮೂರು ಸಾವಿರ ಕಿಲೋಮೀಟರಿಗೂ ದೂರದಲ್ಲಿ, ಬಿರುಗಾಳಿಗೆ ಕೂವೆಮರ ಮುರಿದು ಬೆನ್ನುಮೂಳೆಗೆ ಏಟಾಗಿ ಅಲುಗಾಡಲಾರದೆ ಬಿದ್ದಿದ್ದರು. ಅವರು ಕಳಿಸಿದ ಚಿಕ್ಕ ಸಂದೇಶಗಳೇ ಆಧಾರ. ಆಸ್ಟ್ರೇಲಿಯಾದ ರಕ್ಷಣಾ ಕೇಂದ್ರ ಕೆಲಸ ಹಂಚಿತು, ಭಾರತದ ವಿಮಾನ ಹುಡುಕಿತು, ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗು ‘ಒಸಿರಿಸ್’ ಹೋಗಿ ಎತ್ತಿಕೊಂಡಿತು. ಅದೇ ಓಟಕ್ಕೆ ಮರಳಿ ಬಂದು 2023ರಲ್ಲಿ ಅವರು ಎರಡನೆಯ ಸ್ಥಾನ ಪಡೆದರು.

ಹೊರಡುವವರಿಗೆ ಎರಡು ಮಾತು. ಪರ್ತ್‌ಗೆ ನವೆಂಬರಿನಿಂದ ಮಾರ್ಚ್, ಅಡಿಲೇಡಿಗೆ ಡಿಸೆಂಬರಿನಿಂದ ಏಪ್ರಿಲ್, ತಿಮಿಂಗಿಲ ನೋಡಬೇಕಾದರೆ ಮೋರ್ಟನ್ ಕೊಲ್ಲಿಗೆ ಜೂನ್ ನಂತರ. ಬ್ರಿಸ್ಬೇನಿನ ಬೇಸಗೆಯ ಇಳಿಹೊತ್ತು ಗುಡುಗು ಮಳೆಯದ್ದು, ಬೇಗ ಲಂಗರು ಹಾಕುವುದು ಮೇಲು. ಲೈಫ್ ಜಾಕೆಟ್ ತೊಡಲು ನಾಚಬೇಡಿ. ಹೊಟ್ಟೆ ತೊಳಸಿದರೆ ಒಳಗೆ ಹೋಗಿ ಮಲಗದೆ ಹೊರಗೆ ಕೂತು ದಿಗಂತ ನೋಡಿ, ಶುಂಠಿ ಅಗಿಯಿರಿ. ಚುಕ್ಕಾಣಿ ಹಿಡಿದರೆ ತೊಳಸುವುದು ಎಷ್ಟೋ ಕಡಿಮೆಯಾಗುತ್ತದೆ.

ಇಷ್ಟು ದೂರದ ಕಡಲನ್ನು ಹೊಗಳುವಾಗ ನಮ್ಮ ಕಡಲಿನ ಚಿಂತೆ ನನ್ನನ್ನು ಬಿಡುವುದಿಲ್ಲ. ಕರ್ನಾಟಕಕ್ಕೆ ಮುನ್ನೂರು ಕಿಲೋಮೀಟರಿಗೂ ಮೀರಿದ ಕರಾವಳಿಯಿದೆ. ಮಲ್ಪೆಯ ಮುಂದೆ ಕಂಬಗಲ್ಲುಗಳ ಸೇಂಟ್ ಮೇರೀಸ್ ದ್ವೀಪ, ಮುರ್ಡೇಶ್ವರದ ಮುಂದೆ ನೇತ್ರಾಣಿ, ಕಾರವಾರದ ಮುಂದೆ ಕೂರ್ಮಗಡ. ಕೂರ್ಮಗಡದ ನರಸಿಂಹನ ಜಾತ್ರೆಗೆ ಜನ ಇಂದಿಗೂ ದೋಣಿ ಕಟ್ಟಿಕೊಂಡು ಹೋಗುತ್ತಾರೆ. ಆದರೂ ನಮ್ಮಲ್ಲಿ ಹೆಚ್ಚಿನವರಿಗೆ ಕಡಲು ದಡದಲ್ಲಿ ನಿಂತು ನೋಡುವ ವಸ್ತು. ಟಿಕೆಟ್ ತೆಗೆದು ಕೂತು ಹೋಗಿ ಬರುತ್ತೇವೆ. ಮನಸ್ಸು ಮಾಡಿದರೆ ಇದು ಬದಲಾಗುತ್ತದೆ ಎಂಬುದಕ್ಕೆ ಮೂಲ್ಕಿ ಸಾಕ್ಷಿ. ಅಲೆ ಸವಾರಿ ಅಲ್ಲಿ ಬೇರೂರಿತು. 2016ರಲ್ಲಿ ಪಕ್ಕದ ಸಸಿಹಿತ್ಲು ಕಡಲತೀರ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆಸಿತು, ಊರಿನ ಹುಡುಗರು ಹಲಗೆ ಹಿಡಿದು ನೀರಿಗಿಳಿದರು. ಕಡಲೇ ಇಲ್ಲದ ಹೈದರಾಬಾದಿನ ಹುಸೇನ್ ಸಾಗರದಲ್ಲಿ ಒಂದು ಯಾಟ್ ಕ್ಲಬ್ ಬಡಮನೆಗಳ ಮಕ್ಕಳಿಗೆ ಹಾಯಿ ಕಲಿಸಿ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಗೆಲ್ಲಿಸಿದೆ. 1985ರಿಂದ 1987ರವರೆಗೆ ‘ತೃಷ್ಣಾ’ ದೋಣಿಯಲ್ಲಿ ಭಾರತದ ಮೊದಲ ಭೂಪ್ರದಕ್ಷಿಣೆ ಮಾಡಿದ್ದು ಸೇನೆಯ ಎಂಜಿನಿಯರುಗಳು. ಆ ಎಂಜಿನಿಯರ್ ದಳದವರು ನಮ್ಮ ಬೆಂಗಳೂರಿನ ಹಲಸೂರು ಕೆರೆಯಲ್ಲೂ ಹಾಯಿ ಅಭ್ಯಾಸ ಮಾಡುತ್ತಾರೆ.

ಮಕ್ಕಳಿಗೆ ಹಾಯಿ ಕಲಿಸುವ ಆಪ್ಟಿಮಿಸ್ಟ್ ಎಂಬ ದೋಣಿ ಎಂಟಡಿಗಿಂತ ಚಿಕ್ಕದು, ಒಂದೇ ಹಾಯಿ, ಹದಿನೈದು ವರ್ಷದೊಳಗಿನ ಒಬ್ಬ ಮಗು ಒಂಟಿಯಾಗಿ ನಡೆಸಬಲ್ಲದು. ಅದಕ್ಕೆ ಬಂದರು ಬೇಡ. ಉದ್ಯಾವರದ ಹೊಳೆಬಾಯೋ ಕಾಳಿ ನದಿಯ ಅಗಲವೋ ಸಾಕು. ಜೊತೆಗೊಂದು ಕಾವಲು ದೋಣಿ, ಪ್ರತಿ ಮಗುವಿಗೂ ಲೈಫ್ ಜಾಕೆಟ್, ಮಳೆಗಾಲ ಮುಗಿದ ಮೇಲಿನ ತಿಂಗಳುಗಳು. ಗಾಳಿ ಬಲ್ಲ ಹಳೆಯ ತಂಡೇಲರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಅವರನ್ನು ಗುರುಗಳಾಗಿ ಕರೆಯಬೇಕು. ಪರ್ತ್, ಬ್ರಿಸ್ಬೇನ್, ಅಡಿಲೇಡುಗಳಲ್ಲಿ ಈ ಆಟ ಕಲಿತ ಕನ್ನಡದ ಮಕ್ಕಳು ಪ್ರತಿ ಡಿಸೆಂಬರಿನಲ್ಲಿ ಅಜ್ಜಿಯ ಮನೆಗೆ ಬರುತ್ತಾರೆ. ಅವರು ಬಂದಾಗ ಊರಿನ ಮಕ್ಕಳ ಜೊತೆ ನೀರಿಗಿಳಿಸಲು ನಾಲ್ಕು ದೋಣಿಗಳನ್ನು ಸಿದ್ಧಮಾಡಿ ಇಡುವ ಕೆಲಸವನ್ನು ಕರಾವಳಿಯ ಯಾವುದಾದರೂ ಒಂದು ಯುವಕ ಮಂಡಲ ಈ ವರ್ಷವೇ ವಹಿಸಿಕೊಳ್ಳಬೇಕೆಂದು ನನ್ನ ಕೋರಿಕೆ.